ಮರುಭೂಮಿಯ ಸೋದರ ಶಾರ್ಲ್ ದ ಫೂಕೋ

ಸ್ವಮತವನ್ನು ಸಾರಲೆಂದು ಪರದೇಶಗಳಿಗೆ ಹೋದವರು ಅನೇಕರು. ಅವರಲ್ಲಿ ಕೆಲವರು ಸಹಸ್ರಾರು ಜನರಿಗೆ ದೀಕ್ಷೆಯಿತ್ತು ಹೆಸರಾದರು. ಮತ್ತೆ ಕೆಲವರು ಶಾಲೆ, ಆಸ್ಪತ್ರೆಗಳನ್ನು ಕಟ್ಟಿ ಹೆಸರಾದರು. ಇವೆರಡರಲ್ಲಿ ಒಂದನ್ನೂ ಮಾಡದೆ, ಸಹಾರಾ ಮರುಭೂಮಿಯ ಮುಸಲ್ಮಾನರ ನಡುವೆ ಹದಿನೈದು ವರ್ಷ ಬಾಳಿ, ಮಡಿದ ದಿನ ತನ್ನ ಬಳಿ ಒಬ್ಬ ಶಿಷ್ಯನೂ ಇಲ್ಲದಿದ್ದ ಫ್ರೆಂಚ್ ಸಂನ್ಯಾಸಿಯೊಬ್ಬನ ಹೆಸರು ಇಂದು ಜಗತ್ತಿನ ನಾನಾ ಕಡೆಗಳಲ್ಲಿ ಪೂಜ್ಯವಾಗಿದೆ. ಆತನೇ ಶಾರ್ಲ್ ದ ಫೂಕೋ.

ಈತನು ೧೮೫೮ನೆಯ ಸೆಪ್ಟೆಂಬರ್ ೧೫ರಂದು ಸ್ಟ್ರಾಸ್‌ಬುರ್ಗ್ ನಗರದ ಕುಲೀನ ಮನೆತನವೊಂದರಲ್ಲಿ ಜನಿಸಿದನು. ೧೮೬೪ರಲ್ಲಿ, ಆರು ವರ್ಷ ತುಂಬುವ ಮೊದಲೇ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡನು. ಅವನನ್ನೂ ಅವನ ತಂಗಿಯನ್ನೂ ತಾಯಿಯ ತಂದೆಯೇ ಸಾಕಿ ಬೆಳೆಸಿದನು. ಪ್ರಾಯಕ್ಕೆ ಬರುತ್ತಿದ್ದಂತೆ ಹುಡುಗನಿಗೆ ದೇವರಲ್ಲಿದ್ದ ನಂಬಿಕೆ ಅಳಿಯಿತು. ಸೇನಾಧಿಕಾರಿಯಾಗಲೆಂದು ಸೈನಿಕ ವಿದ್ಯಾಲಯವನ್ನು ಸೇರಿದ್ದಾಗ, ೧೮೭೮ರಲ್ಲಿ ಅಜ್ಜನು ತೀರಿಕೊಂಡು ದೊಡ್ಡ ಆಸ್ತಿ ಕೈಸೇರಿತು. ಔತಣ, ಉಡುಪು, ವಿಲಾಸಗಳಲ್ಲಿ ಅದು ಕರಗತೊಡಗಿತು. ಅಲ್ಜೀರಿಯಾದಲ್ಲಿದ್ದ ಪಡೆಗೆ ಪ್ರೇಯಸಿಯನ್ನು ಕರೆದೊಯ್ದು, ಅವಳನ್ನು ಕಳುಹಿಸಿಬಿಡೆಂಬ ಆಜ್ಞೆಯನ್ನು ಧಿಕ್ಕರಿಸಿದ ಕಾರಣ ೧೮೮೧ರಲ್ಲಿ ಸೇವೆಯಿಂದ ದೂರವಿಡಲ್ಪಟ್ಟನು. ಆದರೆ ಅದೇ ವರ್ಷ ಅಲ್ಲಿ ಬಂಡಾಯವೆದ್ದು, ತನ್ನ ಸಂಗಾತಿಗಳು ಯುದ್ಧಕ್ಕೆ ಹೊರಟಿರುವರೆಂದು ಕೇಳಿದೊಡನೆ ಎಲ್ಲವನ್ನೂ ಬಿಟ್ಟು ಮರಳಿ ಪಡೆಯನ್ನು ಸೇರಿದನು. ಸೋಮಾರಿಯೆನಿಸಿಕೊಂಡಿದ್ದವನು ಕಷ್ಟಸಹಿಷ್ಣುವೆಂದು ಕಂಡುಬಂದನು.

ಮರುವರ್ಷ ಸೈನ್ಯವನ್ನು ಬಿಟ್ಟು, ಯುರೋಪಿನವರಿಗೆ ಪ್ರವೇಶವೇ ದುರ್ಲಭವಾಗಿದ್ದ ಮೊರಾಕ್ಕೋ ದೇಶವನ್ನು ಶೋಧಿಸಲು ನಿಶ್ಚಯಿಸಿದನು. ಅರಬ್ಬೀ, ಹೀಬ್ರೂ ಭಾಷೆಗಳನ್ನು ಕಲಿತು, ಬಡ ಯಹೂದಿ ಪಂಡಿತನ ವೇಷ ತೊಟ್ಟು, ಮೊರ್ದೆಖಾಯ್ ಎಂಬ ಯಹೂದಿಯನ್ನು ದಾರಿಗಾರನನ್ನಾಗಿ ಮಾಡಿಕೊಂಡು, ೧೮೮೩ರ ಜೂನ್‌ನಿಂದ ೧೮೮೪ರ ಮೇ ತಿಂಗಳವರೆಗೆ ಆ ನಾಡಿನಲ್ಲಿ ಅಲೆದನು. ಗುಟ್ಟಾಗಿ ಟಿಪ್ಪಣಿಗಳನ್ನು ಬರೆದುಕೊಂಡನು, ನಕ್ಷೆಗಳನ್ನು ತೆಗೆದನು. ಈ ಸಾಹಸಕ್ಕಾಗಿ ೧೮೮೫ರಲ್ಲಿ ಪ್ಯಾರಿಸಿನ ಭೂಗೋಳ ಸಂಘವು ಅವನಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು.

ಪದಕಕ್ಕಿಂತ ಬೆಲೆಯುಳ್ಳ ಇನ್ನೊಂದು ವಸ್ತುವನ್ನು ಅವನು ಆ ನಾಡಿನಿಂದ ತಂದಿದ್ದನು. ದಿನಕ್ಕೆ ಐದು ಬಾರಿ ಕೆಲಸವನ್ನು ಬಿಟ್ಟು, ನೆಲಕ್ಕೆ ಹಣೆ ಮುಟ್ಟಿಸಿ ಪ್ರಾರ್ಥಿಸುತ್ತಿದ್ದ ಮುಸಲ್ಮಾನರನ್ನು ಕಂಡು ನಾಸ್ತಿಕನ ಮನಸ್ಸು ಕಲಕಿಹೋಗಿತ್ತು. ಲೋಕದ ವ್ಯವಹಾರಗಳಿಗಿಂತ ಹಿರಿದಾದುದೊಂದು ಇರಬಹುದೆಂಬ ಶಂಕೆ ಅಲ್ಲಿಯೇ ಮೊಳೆಯಿತು. ೧೮೮೬ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಪ್ಯಾರಿಸಿನ ಸಂತ ಅಗಸ್ಟೀನರ ದೇವಾಲಯದಲ್ಲಿ ಯುವೆಲಿನ್ ಎಂಬ ಪಾದ್ರಿಯ ಬಳಿಗೆ ತನ್ನ ಸಂಶಯಗಳನ್ನು ಚರ್ಚಿಸಲು ಹೋದನು. ಪಾದ್ರಿಯು ಚರ್ಚೆಗೆ ಎಡೆಗೊಡದೆ, ಮೊಣಕಾಲೂರಿ ಪಾಪನಿವೇದನೆ ಮಾಡಲು ಹೇಳಿದನು. ಫೂಕೋ ಹಾಗೆಯೇ ಮಾಡಿದನು. ಹೊಸ ಬಾಳು ಆರಂಭವಾಯಿತು. ಒಬ್ಬ ಕ್ರೈಸ್ತನನ್ನು ಅವನ ಧರ್ಮಕ್ಕೆ ಹಿಂದಿರುಗಿಸುವ ದಾರಿಯನ್ನು ಮುಸಲ್ಮಾನರ ನಮಾಜು ತೆರೆದುಕೊಟ್ಟಿತೆಂಬುದು ನೆನಪಿನಲ್ಲಿಡಬೇಕಾದ ಸಂಗತಿ.

೧೮೯೦ರಲ್ಲಿ ಟ್ರಾಪಿಸ್ಟ್ ಮಠವನ್ನು ಸೇರಿ, ತುರ್ಕಿ ಸಾಮ್ರಾಜ್ಯಕ್ಕೆ ಸೇರಿದ್ದ ಸಿರಿಯಾದ ಅಕ್ಬೆಸ್ ಎಂಬಲ್ಲಿ ಆರು ವರ್ಷಗಳನ್ನು ಕಳೆದನು. ಆದರೆ ಮಠದ ಬಡತನವೂ ಅವನಿಗೆ ಸುಖವೆಂದೇ ತೋರಿತು. ಯೇಸುವು ಮೂವತ್ತು ವರ್ಷ ಅಜ್ಞಾತನಾಗಿ ಬಾಳಿದ ನಜರೇತಿಗೇ ಹೋಗಿ, ೧೮೯೭ರಿಂದ ಅಲ್ಲಿನ ಸಂನ್ಯಾಸಿನಿಯರ ಮಠದಲ್ಲಿ ಆಳಾಗಿ ನಿಂತು, ತೋಟದ ಗುಡಿಸಲಿನಲ್ಲಿ ಮಲಗಿದನು. ಕೊನೆಗೆ ೧೯೦೧ನೆಯ ಜೂನ್ ೯ರಂದು ಪಾದ್ರಿಯ ದೀಕ್ಷೆ ಪಡೆದು, ಅದೇ ವರ್ಷ ಸಹಾರಾದ ಅಂಚಿನ ಬೆನಿ ಅಬ್ಬೆಸ್ ಎಂಬ ಓಯಸಿಸ್ಸಿಗೆ ಬಂದನು.

ಅಲ್ಲಿ ಅವನ ಮನೆಬಾಗಿಲು ಸೈನಿಕರಿಗೂ, ಪ್ರವಾಸಿಗಳಿಗೂ, ಭಿಕ್ಷುಕರಿಗೂ, ಗುಲಾಮರಿಗೂ ಸಮನಾಗಿ ತೆರೆದಿತ್ತು. ಕ್ರೈಸ್ತ, ಮುಸಲ್ಮಾನ, ಯಹೂದಿ ಎಂಬ ಭೇದವಿಲ್ಲದೆ ಸರ್ವರೂ ತನ್ನನ್ನು ಸೋದರನೆಂದು ತಿಳಿಯಬೇಕೆಂಬುದೇ ಅವನ ಬಯಕೆ. ಫ್ರೆಂಚ್ ಆಡಳಿತದ ಕಣ್ಣೆದುರಿನಲ್ಲಿಯೇ ಗುಲಾಮಗಿರಿ ನಡೆಯುತ್ತಿರುವುದನ್ನು ಕಂಡು ಅವನ ಮನಸ್ಸು ಕುದಿಯಿತು. ಹಣ ಕೂಡಿಸಿ ಕೆಲವು ಗುಲಾಮರನ್ನು ಬಿಡಿಸಿದನು. ಈ ಅನ್ಯಾಯವನ್ನು ಸಹಿಸಲಾಗದೆಂದು ಮೇಲಿನವರಿಗೆ ಪತ್ರಗಳನ್ನು ಬರೆದನು. ತಾಳ್ಮೆಯಿಂದಿರಬೇಕೆಂಬ ಉಪದೇಶವೇ ಅವನಿಗೆ ದೊರೆತ ಉತ್ತರ.

೧೯೦೫ರ ಆಗಸ್ಟಿನಲ್ಲಿ ಇನ್ನೂ ದಕ್ಷಿಣಕ್ಕೆ ಸರಿದು, ಹೊಗ್ಗಾರ್ ಪರ್ವತಪ್ರಾಂತದ ತಮನ್‌ರಸ್ಸೆತ್ ಎಂಬ ಕುಗ್ರಾಮದಲ್ಲಿ ನೆಲೆಸಿದನು. ಇದು ತುವಾರೆಗರ ನಾಡು. ಗಂಡಸರು ಮುಖಕ್ಕೆ ಮುಸುಕು ಹಾಕುವ, ಒಂಟೆಯನ್ನೇರಿ ಅಲೆಯುವ ಈ ಶೂರರು ಮೂರು ವರ್ಷಗಳ ಹಿಂದೆಯಷ್ಟೇ, ೧೯೦೨ರಲ್ಲಿ, ತಿತ್ ಎಂಬಲ್ಲಿ ಫ್ರೆಂಚರಿಗೆ ಸೋತಿದ್ದರು. ಅವರ ನಾಯಕ ಮೂಸಾ ಅಗ್ ಅಮಸ್ತಾನನು ಫ್ರೆಂಚರೊಡನೆ ಸಂಧಿ ಮಾಡಿಕೊಂಡ ಧರ್ಮನಿಷ್ಠ ಮುಸಲ್ಮಾನ. ಅವನಿಗೂ ಫೂಕೋನಿಗೂ ಗಾಢವಾದ ಸ್ನೇಹ ಬೆಳೆಯಿತು.

ಜನರ ಮನಸ್ಸನ್ನು ತಿಳಿಯಬೇಕಾದರೆ ಮೊದಲು ಅವರ ಮಾತನ್ನು ಕಲಿಯಬೇಕೆಂದು ಫೂಕೋ ಬಗೆದನು. ದಿನವೆಲ್ಲ ಕುಳಿತು ತುವಾರೆಗ್ ಶಬ್ದಗಳನ್ನೂ, ಪ್ರೇಮ ಮತ್ತು ಯುದ್ಧದ ಹಾಡುಗಳನ್ನೂ ಸಂಗ್ರಹಿಸಿದನು. ಅವನು ಸಿದ್ಧಪಡಿಸಿದ ತುವಾರೆಗ್-ಫ್ರೆಂಚ್ ನಿಘಂಟು ಅವನ ಮರಣದ ಎಷ್ಟೋ ವರ್ಷಗಳ ಮೇಲೆ, ೧೯೫೧-೫೨ರಲ್ಲಿ, ನಾಲ್ಕು ಸಂಪುಟಗಳಾಗಿ ಅಚ್ಚಾಯಿತು. ೧೮೯೪ರಲ್ಲಿ ಕನ್ನಡ ನಿಘಂಟನ್ನು ನಮಗಿತ್ತ ಬಾಸೆಲ್ ಮಿಷನ್ನಿನ ಕಿಟ್ಟೆಲರನ್ನು ಕೃತಜ್ಞತೆಯಿಂದ ನೆನೆಯುವ ಕನ್ನಡಿಗರಿಗೆ ಈ ಶ್ರಮದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಬಾಳಿನ ನಿಜವಾದ ತಿರುವು ಬಂದುದು ಕೀರ್ತಿಯ ದಿನಗಳಲ್ಲಲ್ಲ, ಸೋಲಿನ ದಿನಗಳಲ್ಲಿ. ಮಳೆಯಿಲ್ಲದೆ ನಾಡೆಲ್ಲ ಬರಗಾಲಕ್ಕೆ ತುತ್ತಾಗಿತ್ತು. ತನ್ನಲ್ಲಿದ್ದ ಧಾನ್ಯವನ್ನೆಲ್ಲ ಅವನು ಹಂಚಿಬಿಟ್ಟಿದ್ದನು. ಜೊತೆಗೊಬ್ಬ ಕ್ರೈಸ್ತನಿಲ್ಲದೆ ಬಲಿಪೂಜೆ ಸಲ್ಲಿಸಬಾರದೆಂಬ ಅಂದಿನ ನಿಯಮದಿಂದಾಗಿ ೧೯೦೭ರ ಕ್ರಿಸ್ಮಸ್ ದಿನದಂದೂ ಪೂಜೆಯಿಲ್ಲದೆ ಉಳಿದನು. ೧೯೦೮ರ ಜನವರಿಯಲ್ಲಿ ಹಾಸಿಗೆ ಹಿಡಿದು ಸಾವಿನ ಸಮೀಪಕ್ಕೆ ಬಂದನು. ಆಗ ಹಸಿದ ತುವಾರೆಗರು ಸುತ್ತಲಿನ ಹರದಾರಿಗಳಲ್ಲಿ ಹುಡುಕಿ, ಬತ್ತಿದ ಮೇಕೆಗಳಿಂದ ದೊರೆತಷ್ಟು ಹಾಲನ್ನು ಕೂಡಿಸಿ ತಂದು ಅವನನ್ನು ಬದುಕಿಸಿದರು. ಅಂದಿನವರೆಗೆ ಕೊಡುವವನಾಗಿಯೇ ಬಾಳಿದವನು ಅಂದು ಬೇಡುವವನಾದನು. ಕೊಡುವ ಕೈ ಮೇಲಿರುವವರೆಗೆ ಸ್ನೇಹವು ಪೂರ್ಣವಾಗದು. ಕೈ ಕೆಳಗಾದಾಗಲೇ ಅವನು ಅವರಲ್ಲಿ ಒಬ್ಬನಾದನು.

ಹೀಗೆಂದು ಅವನಲ್ಲಿ ದೋಷವೇ ಇರಲಿಲ್ಲವೆಂದು ಹೇಳಲಾಗದು. ಫ್ರೆಂಚ್ ಆಳ್ವಿಕೆಯಿಂದ ಈ ಜನರಿಗೆ ಒಳ್ಳೆಯದಾಗುವುದೆಂದೇ ಅವನು ಕೊನೆಯವರೆಗೆ ನಂಬಿದ್ದನು. ಆ ಆಳ್ವಿಕೆಯ ತಪ್ಪುಗಳನ್ನು ಖಂಡಿಸಿದನೇ ಹೊರತು, ಪರರ ನಾಡನ್ನು ಆಳುವ ಹಕ್ಕನ್ನು ಪ್ರಶ್ನಿಸಲಿಲ್ಲ. ಸೇನಾಧಿಕಾರಿಗಳು ಅವನ ಮಿತ್ರರು. ಮರುಭೂಮಿಯ ಸುದ್ದಿಗಳನ್ನು ಅವರಿಗೆ ಬರೆದು ತಿಳಿಸುತ್ತಿದ್ದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸುಲಿಗೆಗಾರರ ಭಯದಿಂದ ಹಳ್ಳಿಯ ಬಡವರಿಗೆ ಆಶ್ರಯವಾಗಲೆಂದು ಇಟ್ಟಿಗೆಯ ಸಣ್ಣ ಕೋಟೆಯನ್ನು ಕಟ್ಟಿಸಿದನು. ಅದರೊಳಗೆ ಸೈನ್ಯದ ಬಂದೂಕುಗಳೂ ಬಂದವು. ಶಾಂತಿಯ ಮನೆಯೊಳಗೆ ಆಯುಧವು ಹೊಕ್ಕಾಗ ಅದು ಶತ್ರುವಿನ ಕಣ್ಣಿಗೆ ಕೋಟೆಯಾಗಿಯೇ ಕಾಣುವುದಲ್ಲವೆ?

ಹಾಗೆಯೇ ಆಯಿತು. ೧೯೧೬ನೆಯ ಡಿಸೆಂಬರ್ ೧ರ ಸಂಜೆ, ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಸನೂಸಿ ಪಕ್ಷದ ಗುಂಪೊಂದು ಕೋಟೆಗೆ ಬಂದಿತು. ಪರಿಚಿತನೊಬ್ಬನು ಅಂಚೆಯ ನೆಪದಿಂದ ಬಾಗಿಲು ತೆರೆಯಿಸಿದನು. ಫೂಕೋನನ್ನು ಕಟ್ಟಿಹಾಕಿ ಕುಳ್ಳಿರಿಸಿದರು. ಅಷ್ಟರಲ್ಲಿ ಒಂಟೆಯೇರಿದ ಇಬ್ಬರು ಸೈನಿಕರು ಬರಲು, ಕಾವಲಿದ್ದ ಹುಡುಗನು ಗಾಬರಿಯಿಂದ ಗುಂಡು ಹಾರಿಸಿಬಿಟ್ಟನು. ಐವತ್ತೆಂಟನೆಯ ವಯಸ್ಸಿನಲ್ಲಿ ಆ ಬಾಳು ಮುಗಿಯಿತು. ಸುದ್ದಿಯನ್ನು ಕೇಳಿದ ಮೂಸಾ ಅಗ್ ಅಮಸ್ತಾನನು ಫ್ರಾನ್ಸಿನಲ್ಲಿದ್ದ ಫೂಕೋನ ತಂಗಿಗೆ ಶೋಕಪತ್ರವನ್ನು ಕಳುಹಿಸಿದನು.

ಲೆಕ್ಕವಿಟ್ಟು ನೋಡುವವರಿಗೆ ಇದು ವಿಫಲವಾದ ಜೀವನ. ಅವನು ಬಯಸಿದ ಸೋದರ ಸಂಘದಲ್ಲಿ ಅವನ ಜೀವಿತಕಾಲದಲ್ಲಿ ಯಾರೂ ನೆಲೆನಿಲ್ಲಲಿಲ್ಲ; ಅವನಿಂದ ದೀಕ್ಷೆ ಪಡೆದವರು ಬೆರಳೆಣಿಕೆಗೂ ಸಾಲರು. ಆದರೆ ೧೯೩೩ರಲ್ಲಿ ರೆನೆ ವುವಾಯೋಮ್ ಮತ್ತು ಸಂಗಡಿಗರು ಅಲ್ಜೀರಿಯಾದ ಮರುಭೂಮಿಯಲ್ಲಿ ಅವನ ದಾರಿಯ ಸೋದರ ಸಂಘವನ್ನು ಕಟ್ಟಿದರು. ೧೯೩೯ರಲ್ಲಿ ಸಿಸ್ಟರ್ ಮಗ್ದಲೇನ್ ಸೋದರಿಯರ ಸಂಘವನ್ನು ಸ್ಥಾಪಿಸಿದರು. ಉಪದೇಶ ಮಾಡದೆ, ಬಡವರ ಕೇರಿಗಳಲ್ಲಿ ದುಡಿದುಣ್ಣುತ್ತ ನೆರೆಯವರಾಗಿ ಬಾಳುವುದೇ ಇವರ ವ್ರತ. ೨೦೨೨ನೆಯ ಮೇ ೧೫ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸರು ಫೂಕೋನನ್ನು ಸಂತನೆಂದು ಸಾರಿದರು. ನಮ್ಮ ದೇಶದ ದೇವಸಹಾಯಂ ಪಿಳ್ಳೆಯವರಿಗೂ ಆ ಪದವಿ ಸಂದುದು ಅದೇ ದಿನ.

ಹುಟ್ಟಿದ ಊರನ್ನು ಬಿಟ್ಟು ಅನ್ಯಭಾಷೆಯ, ಅನ್ಯಮತದ ನೆರೆಹೊರೆಯಲ್ಲಿ ಬಾಳುವ ನಮ್ಮಂತಹವರಿಗೆ ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ನೆರೆಯವನ ಮಾತನ್ನು ಕಲಿಯುವುದು ಸ್ನೇಹದ ಮೊದಲ ಮೆಟ್ಟಲು. ಅವನಿಗೆ ನೆರವಾಗುವುದು ಎರಡನೆಯದು. ನಮ್ಮ ಕಷ್ಟದಲ್ಲಿ ಅವನು ನೀಡುವ ಹಾಲಿನ ಬಟ್ಟಲಿಗೆ ಸಂಕೋಚವಿಲ್ಲದೆ ಕೈಚಾಚುವುದು ಕೊನೆಯದು. ಈ ಕೊನೆಯ ಮೆಟ್ಟಲೇ ಎಲ್ಲಕ್ಕಿಂತ ಕಠಿಣವಾದುದು. ಫೂಕೋ ಅದನ್ನು ಹತ್ತಿದನು.