ಫ್ರಿಟ್ಸ್ ಹೇಬರ್

ಚರಿತ್ರೆಯ ತರಗತಿಯಲ್ಲಿ ಮೊದಲನೆಯ ಮಹಾಯುದ್ಧದ ಪಾಠ ಕೇಳುವಾಗ ಈ ಹೆಸರು ನನ್ನ ಕಿವಿಗೆ ಬಿತ್ತು. ವಿಷಾನಿಲವನ್ನು ರಣರಂಗಕ್ಕೆ ತಂದವನೆಂದು. ನಮ್ಮ ತಂದೆಯವರು ರಾಗಿಯ ಹೊಲಕ್ಕೆ ಎರಚುವ ಯೂರಿಯದ ಮೂಲವೂ ಈತನ ಕೆಲಸವೇ ಎಂದು ಅದೇ ವಾರ ಗ್ರಂಥಾಲಯದಲ್ಲಿ ಓದಿ ಬೆರಗಾದೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ರಸಾಯನಶಾಸ್ತ್ರವಂತೂ ದೂರದ ಮಾತು. ವಿದ್ಯಾರ್ಥಿನಿಲಯದ ಮಿತ್ರನೊಬ್ಬನನ್ನು ಕಾಡಿ ತಿಳಿದಷ್ಟನ್ನು ಬರೆದಿದ್ದೇನೆ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಹೇಬರನು 1868ರ ಡಿಸೆಂಬರ್ 9ರಂದು ಬ್ರೆಸ್ಲೌ ನಗರದ ಯೆಹೂದಿ ವರ್ತಕರ ಮನೆಯಲ್ಲಿ ಹುಟ್ಟಿದನು. ಹೆತ್ತ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡಳು. 1894ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯವನ್ನು ಸೇರಿದನು.

ಸಾರಜನಕ ಒಂದು ಪಾಲು, ಜಲಜನಕ ಮೂರು ಪಾಲು ಕೂಡಿದರೆ ಅಮೋನಿಯ ಎರಡು ಪಾಲು. ಆದರೆ ಇತ್ತ ಕೂಡುತ್ತಿರುವಾಗಲೇ ಅತ್ತ ಒಡೆಯುತ್ತಲೂ ಇರುತ್ತದೆ. ಎರಡರ ವೇಗವೂ ಸಮನಾದಾಗ, ಅಮೋನಿಯದ ಒತ್ತಡದ ವರ್ಗವನ್ನು, ಸಾರಜನಕದ ಒತ್ತಡವನ್ನು ಜಲಜನಕದ ಒತ್ತಡದ ಘನದಿಂದ ಗುಣಿಸಿ ಬಂದುದರಿಂದ ಭಾಗಿಸಬೇಕು. ಅದೇ ಸಮತೋಲ ಸ್ಥಿರಾಂಕ. ಉಷ್ಣತೆ ಬದಲಾಗದಿದ್ದರೆ ಈ ಸಂಖ್ಯೆಯೂ ಹೆಚ್ಚುಕಡಿಮೆ ಹಾಗೆಯೇ ನಿಲ್ಲುತ್ತದೆ.

1905ರ ಸುಮಾರಿಗೆ ಹೇಬರನು 1000 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಅಳೆದಾಗ, ಹತ್ತು ಸಾವಿರ ಪಾಲು ಅನಿಲದಲ್ಲಿ ಅಮೋನಿಯ ಸುಮಾರು ಒಂದೇ ಪಾಲು. ಅಷ್ಟು ಅಲ್ಪವನ್ನು ಅಳೆಯುವಲ್ಲಿ ತಪ್ಪುವುದು ಸುಲಭ. ನೆರ್ನ್ಸ್ಟ್ ಎಂಬ ಹಿರಿಯ ವಿದ್ವಾಂಸನು ತನ್ನ ಉಷ್ಣಸಿದ್ಧಾಂತದಿಂದ ಲೆಕ್ಕ ಹಾಕಿ, ಈ ಅಂಕೆ ಹೆಚ್ಚಾಯಿತೆಂದು 1907ರಲ್ಲಿ ಹ್ಯಾಂಬರ್ಗಿನ ವಿದ್ವತ್ಸಭೆಯಲ್ಲಿ ಎಲ್ಲರೆದುರು ಆಕ್ಷೇಪಿಸಿದನು. ತುಂಬಿದ ತರಗತಿಯಲ್ಲಿ ಇಂಗ್ಲಿಷನ್ನು ತಪ್ಪಾಗಿ ಓದಿ ಕುಳಿತವರಿಗೆ ಆ ನೋವು ಗೊತ್ತು. ಹೇಬರನು ಲೆ ರೊಸಿನ್ಯೋಲ್ ಎಂಬ ಸಹಾಯಕನೊಡನೆ 30 ವಾಯುಭಾರದ ಒತ್ತಡದಲ್ಲಿ ಮತ್ತೆ ಅಳೆದನು. ನಾಲ್ಕು ಪಾಲು ಕುಗ್ಗಿ ಎರಡಾಗುವ ಕ್ರಿಯೆಯಾದ್ದರಿಂದ, ಒತ್ತಡ 30 ಪಟ್ಟಾದರೆ ಆ ಅತ್ಯಲ್ಪ ಅಮೋನಿಯವೂ ಸುಮಾರು 30 ಪಟ್ಟಾಗುತ್ತದೆ; ಅಳತೆ ನಿಚ್ಚಳವಾಗುತ್ತದೆ. ಮೊದಲ ಅಂಕೆ ಹೆಚ್ಚಾಗಿತ್ತೆಂಬುದು ನಿಜವೇ ಆಯಿತು. ಆದರೆ ಒತ್ತಡವನ್ನು ಏರಿಸಿ ಉಷ್ಣತೆಯನ್ನು ಇಳಿಸಿದರೆ ಅಮೋನಿಯ ಧಾರಾಳವಾಗಿ ದೊರೆಯಬಹುದೆಂಬ ದಾರಿಯೂ ಅದರಿಂದಲೇ ಕಂಡಿತು. ತಣ್ಣಗಾದಂತೆ ಕ್ರಿಯೆ ನಿಧಾನವಾಗುವುದರಿಂದ ಆಸ್ಮಿಯಂ ಲೋಹವನ್ನು ವೇಗವರ್ಧಕವಾಗಿ ಬಳಸಿದನು. 1909ರ ಜುಲೈಯಲ್ಲಿ ಕಾರ್ಖಾನೆಯವರ ಕಣ್ಣೆದುರಿಗೆ ದ್ರವ ಅಮೋನಿಯ ತೊಟ್ಟಿಕ್ಕಿತು. 1913ರಲ್ಲಿ ಕಾರ್ಲ್ ಬಾಷನ ಶ್ರಮದಿಂದ ಒಪ್ಪೌ ಎಂಬಲ್ಲಿ ಕಾರ್ಖಾನೆ ಎದ್ದಿತು.

ಮರುವರ್ಷವೇ ಯುದ್ಧ. ಆ ಅಮೋನಿಯ ಸಿಡಿಮದ್ದಿಗೂ ಒದಗಿತು. 1915ರ ಏಪ್ರಿಲ್ 22ರಂದು ಈಪ್ರ್ ಬಳಿ ಹೇಬರನ ಮೇಲ್ವಿಚಾರಣೆಯಲ್ಲಿ ಕ್ಲೋರಿನ್ ಹರಿಯಬಿಟ್ಟರು. ಪತ್ನಿ ಕ್ಲಾರಾ ಬ್ರೆಸ್ಲೌ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಮದುವೆಯಾದ ಮೇಲೆ ಅವಳ ಸಂಶೋಧನೆ ನಿಂತೇಹೋಗಿತ್ತು. ಮೇ 2ರಂದು ಅವಳು ಗಂಡನ ಪಿಸ್ತೂಲಿನಿಂದಲೇ ಪ್ರಾಣ ಕಳೆದುಕೊಂಡಳು. ಕಾರಣ ಇದೇ ಎಂದುಬಿಡಲು ನನಗೆ ಧೈರ್ಯವಿಲ್ಲ. ಮಗನಿಗೆ ಆಗ 12 ವರ್ಷ. ಅದರ ಬೆನ್ನಲ್ಲೇ ಹೇಬರನು ಪೂರ್ವದ ರಣರಂಗಕ್ಕೆ ಹೊರಟನು. 1918ರ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು.

ಯಾವ ದೇಶಕ್ಕಾಗಿ ಇಷ್ಟೆಲ್ಲ ಮಾಡಿದನೋ ಅದೇ ದೇಶದ ಹಿಟ್ಲರನ ಸರ್ಕಾರ 1933ರಲ್ಲಿ ಯೆಹೂದಿ ಸಹೋದ್ಯೋಗಿಗಳನ್ನು ಹೊರಹಾಕಬೇಕೆಂದಾಗ ರಾಜೀನಾಮೆಯಿತ್ತು ದೇಶ ಬಿಟ್ಟನು. 1934ರ ಜನವರಿ 29ರಂದು ಬಾಸೆಲ್ ನಗರದಲ್ಲಿ ತೀರಿಕೊಂಡನು. ಕ್ಲಾರಳ ಅವಶೇಷಗಳನ್ನೂ ತಂದು ಅವನ ಜೊತೆಯಲ್ಲಿಯೇ ಇಟ್ಟಿದ್ದಾರೆ.

ದಸರಾ ರಜೆಯಲ್ಲಿ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಹೆಂಡತಿ ಸತ್ತ ಬೆನ್ನಲ್ಲೇ ಯುದ್ಧಕ್ಕೆ ಹೋದನೇ ಎಂದು ಎರಡು ಸಲ ಕೇಳಿದರು. ಆಮೇಲೆ ಹೊಲದ ಕಡೆ ಹೊರಟರು.