ಹಡಗಿನ ಮೇಲೆ ಮಾಡಿದ ಲೆಕ್ಕ: ವಿಜ್ಞಾನಿ ಚಂದ್ರಶೇಖರ್

ಬೇಸಿಗೆ ರಜೆಯಲ್ಲಿ ಊರಿಗೆ ಹೊರಟಾಗ ನಾವು ಅರಬ್ಬೀ ಸಮುದ್ರವನ್ನು ವಿಮಾನದಲ್ಲಿ ಮೂರು ನಾಲ್ಕು ಗಂಟೆಗಳಲ್ಲಿ ದಾಟಿಬಿಡುತ್ತೇವೆ. ಒಂದೂವರೆ ಸಿನಿಮಾ ನೋಡುವಷ್ಟರಲ್ಲಿ ಮಂಗಳೂರೋ ಬೆಂಗಳೂರೋ ಬಂದಿರುತ್ತದೆ. 1930ರ ಜುಲೈ 31ರಂದು ಇದೇ ಸಮುದ್ರವನ್ನು ದಾಟಲು ಬೊಂಬಾಯಿಯಲ್ಲಿ ಒಬ್ಬ ಯುವಕ ಹಡಗು ಹತ್ತಿದರು. ವಯಸ್ಸು ಹತ್ತೊಂಬತ್ತು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೊರಟಿದ್ದ ಅವರೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್, ಎಂದರೇನು ಎಂದು ಮಕ್ಕಳು ಆಗಾಗ ಕೇಳುತ್ತಿರುತ್ತಾರೆ. ಅದಕ್ಕೆ ಉತ್ತರವನ್ನು ಈ ಹಡಗಿನಿಂದಲೇ ಆರಂಭಿಸೋಣ.

ಚಂದ್ರಶೇಖರ್ 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಒಂದು ತಮಿಳು ಕುಟುಂಬದಲ್ಲಿ ಜನಿಸಿದರು. ತಂದೆ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಅಧಿಕಾರಿ. ತಾಯಿ ಸೀತಾಲಕ್ಷ್ಮಿ ಇಬ್ಸನ್‌ನ ನಾಟಕವನ್ನು ತಮಿಳಿಗೆ ತಂದವರು. ತಂದೆಯ ತಮ್ಮ ಬೇರೆ ಯಾರೂ ಅಲ್ಲ, ಮುಂದೆ ನಮ್ಮ ಬೆಂಗಳೂರಿನವರೇ ಆಗಿಹೋದ ಸರ್ ಸಿ. ವಿ. ರಾಮನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ, 1928ರಲ್ಲಿ, ಜರ್ಮನಿಯ ವಿಜ್ಞಾನಿ ಸೊಮ್ಮರ್‌ಫೆಲ್ಡ್ ಅಲ್ಲಿಗೆ ಬಂದಿದ್ದರು. ಚಂದ್ರಶೇಖರ್ ಹೋಗಿ ಅವರನ್ನು ಭೇಟಿಯಾದರು. ತಾನು ಪುಸ್ತಕದಲ್ಲಿ ಕಲಿತ ಭೌತಶಾಸ್ತ್ರ ಆಗಲೇ ಹಳತಾಗಿದೆ ಎಂದು ಅಂದು ಅವರಿಗೆ ತಿಳಿಯಿತು. ನಿರಾಶರಾಗಿ ಕೂರದೆ ಹೊಸದನ್ನು ತಾವೇ ಓದಿಕೊಂಡರು.

ಹಡಗು ಹತ್ತುವಾಗ ತಾಯಿಗೆ ತೀವ್ರ ಕಾಯಿಲೆ. ಅಂಥ ಸ್ಥಿತಿಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂಬ ಚಿಂತೆ ಮಗನಿಗೆ. ಹೋಗಲೇಬೇಕೆಂದು ಪಟ್ಟು ಹಿಡಿದವರು ತಾಯಿಯೇ. ಮರುವರ್ಷ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಮಗ ಇನ್ನೂ ಇಂಗ್ಲೆಂಡಿನಲ್ಲೇ ಇದ್ದರು. ಮನೆಯವರಿಂದ ದೂರವಿರುವ ನಮ್ಮಲ್ಲಿ ಎಷ್ಟೋ ಜನರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿನಲ್ಲಿ ಅವರು ಯೋಚಿಸುತ್ತಿದ್ದುದು ನಕ್ಷತ್ರಗಳ ಸಾವಿನ ಬಗ್ಗೆ. ಕಾವಲಿಯ ಮೇಲಿನ ಚಪಾತಿ ಒಳಗಿನ ಹಬೆಯಿಂದ ಉಬ್ಬಿ ನಿಲ್ಲುತ್ತದೆ, ಇಳಿಸಿದರೆ ಕುಸಿಯುತ್ತದೆ. ನಕ್ಷತ್ರದ ಕಥೆಯೂ ಸುಮಾರಾಗಿ ಹೀಗೆಯೇ. ಅದರ ಗುರುತ್ವಾಕರ್ಷಣೆ ಎಲ್ಲವನ್ನೂ ಒಳಕ್ಕೆ ಎಳೆಯುತ್ತಿರುತ್ತದೆ. ಒಡಲಿನಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ಹುಟ್ಟುವ ಶಾಖ ಹೊರಕ್ಕೆ ತಳ್ಳುತ್ತಿರುತ್ತದೆ. ಇಂಧನ ಮುಗಿದರೆ? ಸೂರ್ಯನಂಥ ನಕ್ಷತ್ರ ಹೊರಪದರಗಳನ್ನು ಕಳಚಿಕೊಂಡು, ಉಳಿದ ತಿರುಳು ಭೂಮಿಯ ಗಾತ್ರಕ್ಕೆ ಕುಗ್ಗುತ್ತದೆ. ಅದೇ ಶ್ವೇತಕುಬ್ಜ. ಅದರ ಒಂದು ಚಮಚ ವಸ್ತು ಟನ್‌ಗಟ್ಟಲೆ ತೂಗುತ್ತದೆ. ಕಿಕ್ಕಿರಿದ ಎಲೆಕ್ಟ್ರಾನುಗಳು ಇನ್ನಷ್ಟು ಹತ್ತಿರವಾಗಲು ಒಪ್ಪದೆ ಅದನ್ನು ತಡೆದು ನಿಲ್ಲಿಸುತ್ತವೆ ಎಂದು 1926ರಲ್ಲಿ ಕೇಂಬ್ರಿಡ್ಜಿನ ರಾಲ್ಫ್ ಫೌಲರ್ ತೋರಿಸಿದ್ದರು. ಎಲ್ಲ ನಕ್ಷತ್ರಗಳೂ ಕೊನೆಗೆ ಹೀಗೆ ತಣ್ಣಗೆ ನೆಮ್ಮದಿಯಾಗಿ ಮಲಗುತ್ತವೆ ಎಂಬುದೇ ಆಗಿನ ನಂಬಿಕೆ.

ಚಂದ್ರಶೇಖರ್ ಒಂದು ಅಂಶವನ್ನು ಗಮನಿಸಿದರು. ಅಷ್ಟು ಒತ್ತಡದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಹತ್ತಿರ ಓಡುತ್ತಿರುತ್ತವೆ. ಹಾಗಿದ್ದರೆ ಐನ್‌ಸ್ಟೀನರ ಸಾಪೇಕ್ಷತಾ ನಿಯಮವನ್ನೂ ಲೆಕ್ಕಕ್ಕೆ ಸೇರಿಸಬೇಕಲ್ಲವೇ? ಸೇರಿಸಿದರು. ಉತ್ತರ ವಿಚಿತ್ರವಾಗಿತ್ತು. ಒಂದು ಮಿತಿಗಿಂತ ಹೆಚ್ಚು ತೂಕದ ತಿರುಳನ್ನು ಎಲೆಕ್ಟ್ರಾನುಗಳು ತಡೆಯಲಾರವು, ಅದು ಕುಸಿಯುತ್ತಲೇ ಹೋಗುತ್ತದೆ! ಈಗ ಅದು ಚಂದ್ರಶೇಖರ್ ಮಿತಿ ಎಂದೇ ಪ್ರಸಿದ್ಧ. ಅದರ ಬೆಲೆ ಸೂರ್ಯನ ತೂಕದ ಸುಮಾರು 1.4 ಪಟ್ಟು.

ಕೇಂಬ್ರಿಡ್ಜಿನಲ್ಲಿ ಫೌಲರ್ ಅವರ ಬಳಿಯೇ ಸಂಶೋಧನೆ ಮಾಡಿ 1933ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಲೆಕ್ಕವನ್ನು ಪೂರ್ತಿ ಮಾಡಲು ಕುಳಿತರು. ಆ ದಿನಗಳಲ್ಲಿ ಅವರ ಕೋಣೆಗೆ ಆಗಾಗ ಬಂದು ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದವರು ಸರ್ ಆರ್ಥರ್ ಎಡಿಂಗ್ಟನ್. 1919ರ ಗ್ರಹಣದಲ್ಲಿ ಐನ್‌ಸ್ಟೀನರ ಸಿದ್ಧಾಂತವನ್ನು ಪರೀಕ್ಷಿಸಿ ತೋರಿಸಿದ್ದ ಮಹಾನ್ ಖಗೋಳವಿಜ್ಞಾನಿ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಚಂದ್ರಶೇಖರ್ ತಮ್ಮ ಫಲಿತಾಂಶವನ್ನು ಮಂಡಿಸಿದರು. ಬೆನ್ನಿಗೇ ಎದ್ದು ನಿಂತ ಎಡಿಂಗ್ಟನ್ ಅದನ್ನು ಗೇಲಿ ಮಾಡಿದರು. ಪ್ರಕೃತಿ ನಕ್ಷತ್ರವನ್ನು ಹೀಗೆ ಹುಚ್ಚುಹುಚ್ಚಾಗಿ ವರ್ತಿಸಲು ಬಿಡುವುದೇ ಇಲ್ಲ ಎಂಬುದು ಅವರ ವಾದ. ಸಭೆ ನಕ್ಕಿತು. ಇಪ್ಪತ್ನಾಲ್ಕು ವರ್ಷದ ಯುವಕನಿಗೆ ಉತ್ತರ ಕೊಡುವ ಅವಕಾಶವೂ ಸಿಗಲಿಲ್ಲ. ಅವರ ಲೆಕ್ಕ ಸರಿಯಾಗಿದೆ ಎಂದು ಬಲ್ಲ ದೊಡ್ಡ ಭೌತವಿಜ್ಞಾನಿಗಳಿದ್ದರು. ಖಾಸಗಿಯಾಗಿ ಒಪ್ಪಿದರು, ಎಡಿಂಗ್ಟನ್ ವಿರುದ್ಧ ಬಹಿರಂಗವಾಗಿ ಮಾತಾಡಲು ಮಾತ್ರ ಮುಂದೆ ಬರಲಿಲ್ಲ. ಗೇಲಿಗಿಂತ ಈ ಮೌನವೇ ನಮಗೆ ಹೆಚ್ಚು ಕಹಿಯಾಗಿ ತೋರುತ್ತದೆ.

1936ರಲ್ಲಿ ಚಂದ್ರಶೇಖರ್ ಕಾಲೇಜಿನ ಸಹಪಾಠಿ ಲಲಿತಾ ಅವರನ್ನು ವಿವಾಹವಾದರು. ಮರುವರ್ಷ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯ ಸೇರಿದರು. 1939ರಲ್ಲಿ ನಕ್ಷತ್ರಗಳ ರಚನೆಯ ಬಗ್ಗೆ ಒಂದು ಗ್ರಂಥ ಬರೆದು, ತಮ್ಮ ಲೆಕ್ಕವನ್ನೂ ಅದರಲ್ಲಿ ಸೇರಿಸಿ, ಆ ವಿಷಯವನ್ನೇ ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋದರು. ಎಡಿಂಗ್ಟನ್ ಜೊತೆಗಿನ ಸ್ನೇಹವನ್ನು ಮಾತ್ರ ಬಿಡಲಿಲ್ಲ. 1944ರಲ್ಲಿ ಎಡಿಂಗ್ಟನ್ ತೀರಿಕೊಂಡಾಗ ಅವರನ್ನು ಆ ಕಾಲದ ಶ್ರೇಷ್ಠರ ಸಾಲಿನಲ್ಲಿಟ್ಟು ಗೌರವಿಸಿದರು. ಇಷ್ಟು ದೊಡ್ಡ ಮನಸ್ಸು ನಮಗೆಲ್ಲ ಬರುತ್ತದೆಯೇ ಎಂದು ಕೇಳಿಕೊಂಡರೆ ಉತ್ತರ ಹೇಳಲು ತುಸು ನಾಚಿಕೆಯಾಗುತ್ತದೆ.

ಇತ್ತ ಲೆಕ್ಕ ತನ್ನ ದಾರಿ ಹಿಡಿದಿತ್ತು. ಭಾರಿ ನಕ್ಷತ್ರದ ತಿರುಳು ಕುಸಿಯುವಾಗ ಹೊರಭಾಗ ಸೂಪರ್‌ನೋವಾ ಆಗಿ ಸಿಡಿಯಬಹುದು. ಉಳಿದದ್ದು ನ್ಯೂಟ್ರಾನ್ ನಕ್ಷತ್ರವಾಗಬಹುದು. ಅದಕ್ಕೂ ಮೀರಿದ ತೂಕವಿದ್ದರೆ ಕುಸಿತಕ್ಕೆ ತಡೆಯೇ ಇಲ್ಲ. ಬೆಳಕೂ ತಪ್ಪಿಸಿಕೊಳ್ಳಲಾಗದ ಕಪ್ಪುಕುಳಿ ಉಂಟಾಗುತ್ತದೆ. 1939ರಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್ ಇಂಥ ಕುಸಿತವನ್ನು ಗಣಿತದಲ್ಲಿ ತೋರಿಸಿದರು.

ಕಾಣದ ವಸ್ತು ಇದೆಯೆಂದು ತಿಳಿಯುವುದು ಹೇಗೆ? ಅದರ ನೆರೆಹೊರೆಯನ್ನು ನೋಡಿ! ಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1 ಎಂಬಲ್ಲಿ ಒಂದು ನಕ್ಷತ್ರ 5.6 ದಿನಕ್ಕೊಮ್ಮೆ ಕಾಣದ ಜೊತೆಗಾರನನ್ನು ಸುತ್ತುತ್ತದೆ ಎಂದು 1971ರ ವೇಳೆಗೆ ತಿಳಿಯಿತು. ಆ ಜೊತೆಗಾರನತ್ತ ಬೀಳುವ ಅನಿಲ ಕಾದು ಎಕ್ಸ್-ಕಿರಣ ಸೂಸುತ್ತದೆ. ನಮ್ಮ ಆಕಾಶಗಂಗೆಯ ನಡುವೆಯೂ ನಕ್ಷತ್ರಗಳು ಏನೂ ಕಾಣದ ಜಾಗವನ್ನು ಸುತ್ತುತ್ತಿವೆ. ಅಲ್ಲಿರುವುದು ಸುಮಾರು 40 ಲಕ್ಷ ಸೂರ್ಯರ ತೂಕ. 2015ರಲ್ಲಿ ಲೈಗೊ ಉಪಕರಣ, ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವದ ಅಲೆಯನ್ನು ಹಿಡಿಯಿತು. ಕಪ್ಪುಕುಳಿ ಗಂಟೆಯಂತೆ ಮಿಡಿದು ಶಾಂತವಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿದ್ದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಅಲೆ ಸಿಕ್ಕ ಸುದ್ದಿ 2016ರಲ್ಲಿ ಬಂದಾಗ ಅದನ್ನು ಕೇಳಲು ಅವರಿದ್ದರು. 2019ರಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ನೆರಳಿನ ಚಿತ್ರವೂ ಬಂತು.

ಇದೆಲ್ಲವನ್ನೂ ನೋಡಲು ಚಂದ್ರಶೇಖರ್ ಇರಲಿಲ್ಲ. ಆದರೆ ಬಿಟ್ಟುಹೋದ ವಿಷಯಕ್ಕೆ ಅವರು ಮರಳಿ ಬಂದಿದ್ದರು. ಕಪ್ಪುಕುಳಿಗಳ ಗಣಿತವನ್ನು ಕುರಿತ ಅವರ ಬೃಹತ್ ಗ್ರಂಥ 1983ರಲ್ಲಿ ಪ್ರಕಟವಾಯಿತು. ಅದೇ ವರ್ಷ, ಅವರ 73ನೆಯ ಹುಟ್ಟುಹಬ್ಬದ ದಿನ, ನೊಬೆಲ್ ಬಹುಮಾನದ ಘೋಷಣೆಯಾಯಿತು. ಜೊತೆಗೆ ಹಂಚಿಕೊಂಡವರ ಹೆಸರೂ ಫೌಲರ್, ಆದರೆ ಇವರು ಅಮೆರಿಕದ ವಿಲಿಯಂ ಫೌಲರ್. 1995ರ ಆಗಸ್ಟ್ 21ರಂದು ಚಂದ್ರಶೇಖರ್ ಷಿಕಾಗೋದಲ್ಲಿ ನಿಧನರಾದರು.

ನಾಲ್ಕು ವರ್ಷಗಳ ನಂತರ ನಾಸಾ ಒಂದು ಎಕ್ಸ್-ಕಿರಣ ದೂರದರ್ಶಕವನ್ನು ಅಂತರಿಕ್ಷಕ್ಕೆ ಕಳಿಸಿತು. ಅದಕ್ಕೆ ಹೆಸರಿಡಲು ನಡೆಸಿದ ಸ್ಪರ್ಧೆಗೆ 61 ದೇಶಗಳಿಂದ ಸುಮಾರು 6,000 ಸಲಹೆಗಳು ಬಂದಿದ್ದವು. ಗೆದ್ದವರು ಇಬ್ಬರು: ಒಬ್ಬರು ಕ್ಯಾಲಿಫೋರ್ನಿಯಾದ ಶಿಕ್ಷಕಿ, ಇನ್ನೊಬ್ಬ ಐಡಾಹೋದ ಶಾಲಾ ವಿದ್ಯಾರ್ಥಿ. ಬೇರೆ ಬೇರೆಯಾಗಿ ಇಬ್ಬರೂ ಸೂಚಿಸಿದ್ದು ಒಂದೇ ಹೆಸರು, ಗೆಳೆಯರು ಚಂದ್ರಶೇಖರರನ್ನು ಕರೆಯುತ್ತಿದ್ದ ಹೆಸರು: ಚಂದ್ರ.