ಶಾಲೆಗಾಗಿ ನಾಲ್ಕು ಬಾರಿ ವಾದಿಸಿದ ವಕೀಲ: ಸರ್ ರಿಚರ್ಡ್ ಸ್ಕಾಟ್

ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು? ಓದುಬರಹದ ಜೊತೆಗೆ ನಮ್ಮ ವಿಶ್ವಾಸವನ್ನೂ ಅವರಿಗೆ ಯಾರು ಕಲಿಸಬೇಕು? ಕ್ರೈಸ್ತ ತಂದೆತಾಯಂದಿರಿಗೆ ಇದು ಹಳೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಕೆನಡಾದಲ್ಲಿ ಈ ಪ್ರಶ್ನೆ ಮನೆಯಂಗಳ ದಾಟಿ ಶಾಸನಸಭೆಯ ಬಾಗಿಲು ತಟ್ಟಿತು. ಅಲ್ಲಿ ಅದಕ್ಕೆ ದನಿಯಾದವರು ಗುರುಗಳಲ್ಲ, ಧರ್ಮಾಧ್ಯಕ್ಷರೂ ಅಲ್ಲ. ಸಂಸಾರಸ್ಥರಾದ ಒಬ್ಬ ವಕೀಲರು. ಅವರೇ ರಿಚರ್ಡ್ ವಿಲಿಯಂ ಸ್ಕಾಟ್.

ಸ್ಕಾಟ್ ಅವರು ಹುಟ್ಟಿದ್ದು 1825ರ ಫೆಬ್ರವರಿ 24ರಂದು, ಸೇಂಟ್ ಲಾರೆನ್ಸ್ ನದಿಯ ದಡದ ಪ್ರೆಸ್ಕಾಟ್ ಎಂಬ ಊರಿನಲ್ಲಿ. ತಂದೆ ಐರ್ಲೆಂಡಿನಿಂದ ಬಂದ ವೈದ್ಯರು. ತಾಯಿ ಸ್ಕಾಟ್ಲೆಂಡ್ ಮೂಲದ ಕಥೋಲಿಕ ಮನೆತನದ ಮಗಳು. ಕಾನೂನು ಕಲಿತು 1848ರಲ್ಲಿ ವಕೀಲರಾದ ರಿಚರ್ಡ್, ಬೈಟೌನ್ ಎಂಬಲ್ಲಿ ವೃತ್ತಿ ಆರಂಭಿಸಿದರು. ಆಗ ಅದು ಮರದ ವ್ಯಾಪಾರದಿಂದ ಬೆಳೆಯುತ್ತಿದ್ದ ಒರಟು ಪಟ್ಟಣ. ಕಾಡಿನಲ್ಲಿ ಮರ ಕಡಿದು ನದಿಯಲ್ಲಿ ತೇಲಿಸಿ ತರುವ ಕೂಲಿಗಳು, ಬರಗಾಲಕ್ಕೆ ಹೆದರಿ ಐರ್ಲೆಂಡ್ ಬಿಟ್ಟು ಬಂದವರು, ಫ್ರೆಂಚ್ ಮಾತನಾಡುವ ಕುಟುಂಬಗಳು ಎಲ್ಲರೂ ಅಲ್ಲಿದ್ದರು. 1845ರಲ್ಲಿ ಬಂದ ಮದರ್ ಎಲಿಜಬೆತ್ ಬ್ರುಯೇರ್ ಮತ್ತು ಅವರ ಸೋದರಿಯರು ಬಡವರಿಗಾಗಿ ಶಾಲೆ, ಆಸ್ಪತ್ರೆ ತೆರೆದಿದ್ದರು.

ಈ ಊರಿನ ಜನ ತರುಣ ವಕೀಲರನ್ನು ಬೇಗ ಮೆಚ್ಚಿದರು. 1852ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಅವರು ಬೈಟೌನಿನ ಮೇಯರ್ ಆದರು. ಮರುವರ್ಷ ಡಬ್ಲಿನ್ ಮೂಲದ ಗಾಯಕಿ ಮೇರಿ ಆನ್ ಹೆರನ್ ಅವರನ್ನು ವಿವಾಹವಾದರು. 1855ರಲ್ಲಿ ಬೈಟೌನ್ ಒಟ್ಟಾವ ಎಂಬ ಹೆಸರು ಪಡೆಯಿತು. 1857ರ ಚುನಾವಣೆಯಲ್ಲಿ ಸ್ಕಾಟ್ ಆ ನಗರದ ಪ್ರತಿನಿಧಿಯಾಗಿ ಶಾಸನಸಭೆಗೆ ಹೋದರು. ಒಟ್ಟಾವ ರಾಜಧಾನಿಯಾಗಬೇಕೆಂಬ ವಿಕ್ಟೋರಿಯಾ ರಾಣಿಯ ನಿರ್ಧಾರವನ್ನು ಹಲವು ಸದಸ್ಯರು ವಿರೋಧಿಸಿದಾಗ ತಮ್ಮ ನಗರದ ಪರವಾಗಿ ವಾದಿಸಿದರು. 1859ರಲ್ಲಿ ಸಭೆ ಅಲ್ಪ ಬಹುಮತದಿಂದ ಅದನ್ನು ಒಪ್ಪಿಕೊಂಡಿತು.

ಎರಡು ಹೊರೆ ಹೊತ್ತ ಕುಟುಂಬಗಳು

ಆಗಿನ ಕೆನಡಾ ಪ್ರಾಂತ್ಯದಲ್ಲಿ ಎರಡು ಭಾಗಗಳಿದ್ದವು. ಕೆಳಗಣ ಕೆನಡಾದಲ್ಲಿ, ಅಂದರೆ ಈಗಿನ ಕ್ವಿಬೆಕ್‌ನಲ್ಲಿ, ಫ್ರೆಂಚ್ ಕಥೋಲಿಕರೇ ಹೆಚ್ಚು. ಮೇಲಣ ಕೆನಡಾದಲ್ಲಿ, ಅಂದರೆ ಈಗಿನ ಒಂಟೇರಿಯೊದಲ್ಲಿ, ಪ್ರೊಟೆಸ್ಟಂಟರೇ ಹೆಚ್ಚು. ಕಥೋಲಿಕರು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಅಲ್ಲಿ ಕಥೋಲಿಕರು ಪ್ರತ್ಯೇಕ ಶಾಲೆ ನಡೆಸಲು ಕಾನೂನಿನ ಅವಕಾಶವೇನೋ ಇತ್ತು. ಆದರೆ ಅದು ಅರೆಬರೆ ಅವಕಾಶ. ಪ್ರತ್ಯೇಕ ಶಾಲೆಗೆ ಹಣ ಕೊಡುವ ಕುಟುಂಬ ಸಾಮಾನ್ಯ ಶಾಲೆಯ ತೆರಿಗೆಯಿಂದ ವಿನಾಯಿತಿ ಬೇಕೆಂದರೆ ವರ್ಷವರ್ಷವೂ ಬರೆದು ತಿಳಿಸಬೇಕಿತ್ತು. ಬರೆಯಲು ಬಾರದ ಬಡ ರೈತ ಮರೆತನೆಂದರೆ ಎರಡೂ ಶಾಲೆಗಳ ಹೊರೆ ಅವನ ತಲೆಗೆ. ಹಳ್ಳಿಗಳಲ್ಲಿ ಮನೆಗಳು ದೂರ ದೂರ. ಒಂದು ಶಾಲೆಗೆ ಬೇಕಾದಷ್ಟು ಮಕ್ಕಳು ಒಂದೇ ಕಡೆ ಸಿಗುತ್ತಿರಲಿಲ್ಲ.

ಸ್ಕಾಟ್ 1860ರಲ್ಲಿ ಈ ತೊಡಕುಗಳನ್ನು ನೀಗುವ ಮಸೂದೆ ಮಂಡಿಸಿದರು. ಅದು ಬಿದ್ದುಹೋಯಿತು. 1861ರಲ್ಲಿ ಮತ್ತೆ ತಂದರು. 1862ರಲ್ಲಿ ಇನ್ನೊಮ್ಮೆ ತಂದರು. ಆಗಲೂ ಕೈಗೂಡಲಿಲ್ಲ. ಟೊರಾಂಟೊದ ಪ್ರಭಾವಿ ಪತ್ರಿಕಾ ಒಡೆಯ ಮತ್ತು ರಾಜಕಾರಣಿ ಜಾರ್ಜ್ ಬ್ರೌನ್ ಪ್ರತ್ಯೇಕ ಶಾಲೆಗಳ ಕಟ್ಟಾ ವಿರೋಧಿ. ಮೆಥಡಿಸ್ಟ್ ಬೋಧಕರೂ ಮೇಲಣ ಕೆನಡಾದ ಶಿಕ್ಷಣಾಧಿಕಾರಿಯೂ ಆದ ಎಗರ್ಟನ್ ರೈಯರ್ಸನ್ ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕೆಂದು ಬಯಸಿದವರು.

ಸ್ಕಾಟ್ ಅವರ ವಕೀಲಿ ಬುದ್ಧಿ ಕೆಲಸಕ್ಕೆ ಬಂದದ್ದು ಇಲ್ಲಿಯೇ. ಎದುರಾಳಿಯನ್ನು ಬೈದು ಗೆಲ್ಲುವ ಬದಲು ಅವರು ರೈಯರ್ಸನ್ ಅವರೊಂದಿಗೆ ಕುಳಿತು ಮಾತನಾಡಿದರು. ಧರ್ಮಸಭೆಯ ಪ್ರತಿನಿಧಿಗಳೂ ಮಾತುಕತೆಯಲ್ಲಿ ಸೇರಿದರು. ಮಸೂದೆಯ ಒಂದೊಂದು ಕಲಮನ್ನೂ ತಿದ್ದಿದರು. ಪ್ರತ್ಯೇಕ ಶಾಲೆಗಳನ್ನು ಸರ್ಕಾರದ ಅಧಿಕಾರಿಗಳು ತಪಾಸಣೆ ಮಾಡಬಹುದು, ಶಿಕ್ಷಕರಿಗೆ ಸರ್ಕಾರ ಒಪ್ಪುವ ಅರ್ಹತೆ ಇರಬೇಕು ಎಂಬುದನ್ನು ಕಥೋಲಿಕರು ಒಪ್ಪಿಕೊಂಡರು. ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದು ದೊಡ್ಡದು. ಒಮ್ಮೆ ತಿಳಿಸಿದರೆ ಸಾಕು, ಪ್ರತಿ ವರ್ಷ ಅರ್ಜಿ ಬೇಡ. ಶಾಲೆಯಿಂದ ಮೂರು ಮೈಲಿಯೊಳಗಿನ ಕುಟುಂಬಗಳು ಅದಕ್ಕೆ ಸೇರಬಹುದು. ಅಕ್ಕಪಕ್ಕದ ಹಳ್ಳಿಗಳ ಶಾಲಾ ವಿಭಾಗಗಳು ಒಂದುಗೂಡಬಹುದು. ಸರ್ಕಾರದ ಅನುದಾನದಲ್ಲಿ ನ್ಯಾಯವಾದ ಪಾಲು ಸಿಗುತ್ತದೆ.

1863ರಲ್ಲಿ ನಾಲ್ಕನೆಯ ಬಾರಿ ಬಂದ ಮಸೂದೆ ಕಾನೂನಾಯಿತು. ಆದರೆ ಒಂದು ಕಹಿ ಸತ್ಯ ಉಳಿಯಿತು. ಅದು ಅನ್ವಯವಾಗಬೇಕಾದ ಮೇಲಣ ಕೆನಡಾದ ಸದಸ್ಯರಲ್ಲಿ ಹೆಚ್ಚಿನವರು ವಿರುದ್ಧವಾಗಿಯೇ ಮತ ಹಾಕಿದ್ದರು. ಕೆಳಗಣ ಕೆನಡಾದ ಮತಗಳಿಂದಲೇ ಅದು ಗೆದ್ದಿತು. ಹೊರಗಿನವರ ಬಲದಿಂದ ಹೇರಿದ ಕಾನೂನು ಎಂಬ ಅಸಮಾಧಾನ ಬಹುಕಾಲ ಹೊಗೆಯಾಡಿತು. ಅದೇ ವರ್ಷದ ಚುನಾವಣೆಯಲ್ಲಿ ಸ್ಕಾಟ್ ಸೋತರು. ನಾಲ್ಕು ವರ್ಷ ಹೆಣಗಿ ಕಾನೂನು ತಂದವರು ಅದು ಜಾರಿಗೆ ಬರುವ ಹೊತ್ತಿಗೆ ಸಭೆಯ ಹೊರಗೆ ನಿಂತಿದ್ದರು.

ಕಾನೂನು ಮಾತ್ರ ನಿಂತಿತು. 1867ರಲ್ಲಿ ಪ್ರಾಂತ್ಯಗಳು ಸೇರಿ ಕೆನಡಾ ಒಕ್ಕೂಟವಾದಾಗ, ಆ ಹೊತ್ತಿಗೆ ಕಾನೂನಿನಲ್ಲಿ ಇದ್ದ ಧಾರ್ಮಿಕ ಶಾಲೆಗಳ ಹಕ್ಕನ್ನು ಪ್ರಾಂತ್ಯಗಳು ಕಸಿಯುವಂತಿಲ್ಲವೆಂದು ಸಂವಿಧಾನದ 93ನೆಯ ವಿಧಿ ಸಾರಿತು. ಒಂಟೇರಿಯೊ ಕಥೋಲಿಕರ ಮಟ್ಟಿಗೆ ಆ ಹಕ್ಕು ಎಂದರೆ 1863ರ ಸ್ಕಾಟ್ ಕಾನೂನೇ. ನಾಲ್ಕು ವರ್ಷ ತಡವಾಗಿದ್ದರೆ ಕಾಪಾಡಲು ಆ ಕಾನೂನೇ ಇರುತ್ತಿರಲಿಲ್ಲ.

ಮಂತ್ರಿ ಪದವಿ, ಮದ್ಯದ ಪ್ರಶ್ನೆ

1867ರಲ್ಲಿ ಸ್ಕಾಟ್ ಒಂಟೇರಿಯೊ ಶಾಸನಸಭೆಗೆ ಆಯ್ಕೆಯಾದರು. 1871ರ ಡಿಸೆಂಬರಿನಲ್ಲಿ ಕೆಲವೇ ದಿನ ಸಭಾಧ್ಯಕ್ಷರಾಗಿದ್ದು, ಎಡ್ವರ್ಡ್ ಬ್ಲೇಕ್ ಅವರ ಲಿಬರಲ್ ಮಂತ್ರಿಮಂಡಲ ಸೇರಿ ಸರ್ಕಾರಿ ಜಮೀನು ಮತ್ತು ಕಾಡುಗಳ ಹೊಣೆ ಹೊತ್ತರು. ಅದುವರೆಗೆ ಕನ್ಸರ್ವೇಟಿವ್ ಎನಿಸಿಕೊಂಡಿದ್ದವರು ಪಕ್ಷ ಬದಲಿಸಿದ್ದು ಹಳೆಯ ಗೆಳೆಯರಿಗೆ ಹಿಡಿಸಲಿಲ್ಲ. 1873ರಲ್ಲಿ ಪ್ರಧಾನಿ ಅಲೆಗ್ಸಾಂಡರ್ ಮೆಕೆಂಜಿ ಅವರು ಸ್ಕಾಟ್ ಅವರನ್ನು ಕೇಂದ್ರ ಸಂಪುಟಕ್ಕೆ ಕರೆದರು. ಮರುವರ್ಷ ಸೆನೆಟ್ ಸದಸ್ಯರೂ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಖಾತೆಯ ಸಚಿವರೂ ಆದರು.

1878ರಲ್ಲಿ ಅವರು ತಂದ ಮದ್ಯನಿಯಂತ್ರಣ ಕಾನೂನನ್ನೂ ಜನ ಸ್ಕಾಟ್ ಕಾನೂನು ಎಂದೇ ಕರೆದರು. ಒಂದು ಜಿಲ್ಲೆಯ ಅಥವಾ ನಗರದ ಮತದಾರರಲ್ಲಿ ನಾಲ್ಕನೆಯ ಒಂದು ಪಾಲು ಜನ ಅರ್ಜಿ ಕೊಟ್ಟರೆ ಅಲ್ಲಿ ಮತ ಎಣಿಕೆ ನಡೆಯಬೇಕು. ಬಹುಮತ ಬಂದರೆ ಆ ಪ್ರದೇಶದಲ್ಲಿ ಮದ್ಯದ ಚಿಲ್ಲರೆ ಮಾರಾಟ ನಿಲ್ಲಬೇಕು. ಬಲಿಪೂಜೆಗೆ ಬೇಕಾದ ದ್ರಾಕ್ಷಾರಸಕ್ಕೆ ಮತ್ತು ಔಷಧಿಗೆ ವಿನಾಯಿತಿ ಇತ್ತು. ಮೊದಲು ಇದನ್ನು ಒಪ್ಪಿದ ಊರುಗಳಲ್ಲಿ ಫ್ರೆಡರಿಕ್ಟನ್ ಒಂದು. ಅಲ್ಲಿಂದಲೇ ಹೊರಟ ಮೊಕದ್ದಮೆಯಲ್ಲಿ 1882ರಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ಕಾನೂನು ಸಿಂಧು ಎಂದು ತೀರ್ಪು ಕೊಟ್ಟಿತು.

ಒಂಟೇರಿಯೊದ ಅನೇಕ ಜಿಲ್ಲೆಗಳು ಉತ್ಸಾಹದಿಂದ ಕಾನೂನನ್ನು ಒಪ್ಪಿದವು. ಆದರೆ ಪಕ್ಕದ ಜಿಲ್ಲೆಯಲ್ಲಿ ಅಂಗಡಿ ತೆರೆದೇ ಇರುವಾಗ, ಕದ್ದು ಮಾರುವವರನ್ನು ಹಿಡಿಯುವವರಿಲ್ಲದಾಗ ಉತ್ಸಾಹ ಇಳಿಯಿತು. 1889ರ ಹೊತ್ತಿಗೆ ಆ ಜಿಲ್ಲೆಗಳೆಲ್ಲ ಮತ್ತೆ ಮತ ಹಾಕಿ ಅದನ್ನು ಕೈಬಿಟ್ಟವು.

1896ರಲ್ಲಿ ವಿಲ್ಫ್ರೆಡ್ ಲೋರಿಯೆ ಪ್ರಧಾನಿಯಾದಾಗ ಎಪ್ಪತ್ತು ದಾಟಿದ್ದ ಸ್ಕಾಟ್ ಮತ್ತೆ ಅದೇ ಖಾತೆಯ ಸಚಿವರಾದರು. ಆಗ ಮನಿಟೋಬ ಪ್ರಾಂತ್ಯದ ಶಾಲೆಗಳ ವಿವಾದ ಉರಿಯುತ್ತಿತ್ತು. ಆ ಪ್ರಾಂತ್ಯ 1890ರಲ್ಲಿ ಕಥೋಲಿಕ ಶಾಲೆಗಳ ನೆರವನ್ನು ಕಿತ್ತುಕೊಂಡಿತ್ತು. ಲೋರಿಯೆ ಸರ್ಕಾರ ಮಾಡಿಕೊಂಡ ಒಪ್ಪಂದದಲ್ಲಿ ದಿನದ ಕೊನೆಗೆ ಅರ್ಧ ಗಂಟೆ ಧರ್ಮೋಪದೇಶಕ್ಕೆ ಅವಕಾಶ ಸಿಕ್ಕಿತೇ ಹೊರತು ಹಳೆಯ ಶಾಲೆಗಳು ಮರಳಲಿಲ್ಲ. 13ನೆಯ ಲಿಯೋ ಜಗದ್ಗುರುಗಳು 1897ರಲ್ಲಿ ಆ ಒಪ್ಪಂದ ಸಾಲದೆಂದರು. ಜೊತೆಗೇ ತಾಳ್ಮೆಯಿಂದ ನಡೆಯಲು ಭಕ್ತರಿಗೆ ಬುದ್ಧಿ ಹೇಳಿದರು. ತಮ್ಮ ಪ್ರಾಂತ್ಯದ ಕಥೋಲಿಕರಿಗೆ ಗಟ್ಟಿ ಹಕ್ಕು ದೊರಕಿಸಿದ ಸ್ಕಾಟ್, ಇಲ್ಲಿ ಅಷ್ಟು ದಕ್ಕದ ಸರ್ಕಾರದಲ್ಲಿ ಪಾಲುದಾರರಾಗಿದ್ದರು. ರಾಜಕಾರಣದಲ್ಲಿ ನಡೆದವರ ಬಾಳಿನಲ್ಲಿ ಇಂಥ ಇಕ್ಕಟ್ಟುಗಳು ತಪ್ಪುವುದಿಲ್ಲ.

1908ರಲ್ಲಿ ಸಚಿವ ಸ್ಥಾನ ಬಿಟ್ಟ ಅವರಿಗೆ 1909ರಲ್ಲಿ ಸರ್ ಪದವಿ ಬಂತು. 1913ರ ಏಪ್ರಿಲ್ 23ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ತಾವು ಬೆಳೆಸಿದ ಒಟ್ಟಾವ ನಗರದಲ್ಲೇ ತೀರಿಕೊಂಡರು.

ಉಳಿದದ್ದು ಏನು?

ಸ್ಕಾಟ್ ಅವರ ಹೆಸರು ಹೊತ್ತ ಎರಡು ಕಾನೂನುಗಳಲ್ಲಿ ಒಂದು ಬಹುಪಾಲು ಕಡೆ ಬೇಗ ಸೊರಗಿತು, ಇನ್ನೊಂದು ಬೇರುಬಿಟ್ಟಿತು. ಏಕೆ? ಶಾಲೆಯ ಕಾನೂನಿನ ಹಿಂದೆ ಮನೆಗಳಿದ್ದವು. ಮೂರು ಮೈಲಿ ನಡೆದು ಹೋಗುವ ಮಕ್ಕಳಿದ್ದರು. ದುಡಿದ ಹಣದಲ್ಲಿ ಪಾಲು ತೆಗೆದಿಡುವ ತಂದೆತಾಯಂದಿರಿದ್ದರು. ಅಲ್ಪ ಸಂಬಳಕ್ಕೆ ಕಲಿಸುವ ಸೋದರಿಯರಿದ್ದರು. 1928ರಲ್ಲಿ ಪ್ರೌಢಶಾಲೆಗಳಿಗೆ ಅನುದಾನದ ಹಕ್ಕಿಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಾಗಲೂ ಅವರು ಶಾಲೆಗಳನ್ನು ಮುಚ್ಚಲಿಲ್ಲ. 1984ರಲ್ಲಿ ಸರ್ಕಾರ ಮನಸ್ಸು ಬದಲಿಸಿತು. ಪೂರ್ಣ ಅನುದಾನದ ಕಾನೂನನ್ನು 1987ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮದ್ಯದ ಕಾನೂನಿಗೆ ಮತ ಹಾಕಿದವರು ಬಹಳ. ಆದರೆ ಮತದ ಚೀಟಿ ಹಾಕಿ ಬಂದಷ್ಟು ಸುಲಭವಲ್ಲ, ಮನೆಯಲ್ಲಿ ಮಿತ ಬದುಕು ಬದುಕುವುದು.

ಈ ಕಥೆಯ ಇನ್ನೊಂದು ಮುಖವನ್ನೂ ನಾವು ಮರೆಯಬಾರದು. ಅಂದು ಮತ ಕೊಟ್ಟು ಗೆಲ್ಲಿಸಿದ ಕ್ವಿಬೆಕ್, 1997ರ ಸಂವಿಧಾನ ತಿದ್ದುಪಡಿಯಿಂದ ತನ್ನಲ್ಲಿ ಧರ್ಮಾಧಾರಿತ ಶಾಲಾ ಮಂಡಳಿಗಳನ್ನೇ ಕೈಬಿಟ್ಟಿತು. ಒಂಟೇರಿಯೊದಲ್ಲಿ ಕಥೋಲಿಕರಿಗೆ ಸಿಗುವ ನೆರವು ಬೇರೆ ಧರ್ಮದವರ ಶಾಲೆಗಳಿಗೆ ಸಿಗದಿರುವುದು ತಾರತಮ್ಯವೆಂದು 1999ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೇಳಿತು. ನಮಗಾಗಿ ಕೇಳಿದ ನ್ಯಾಯವನ್ನು ನೆರೆಯವರಿಗೂ ಕೇಳುವುದು ಕ್ರೈಸ್ತ ಪ್ರೀತಿಯ ಲಕ್ಷಣವಲ್ಲವೇ?

ಪ್ರಿಯ ಓದುಗರೇ, ಕಾನೂನು ಒಂದು ಬಾಗಿಲನ್ನು ತೆರೆಯಬಲ್ಲದು. ಸ್ಕಾಟ್ ಅದನ್ನು ನಾಲ್ಕು ಸಲ ತಳ್ಳಿ ತೆರೆದರು, ಅದಕ್ಕಾಗಿ ತಮ್ಮ ಸ್ಥಾನದ ಆಸೆಯನ್ನು ಇಟ್ಟುಕೊಳ್ಳಲಿಲ್ಲ. ಮಕ್ಕಳ ಕೈಹಿಡಿದು ಒಳಗೆ ನಡೆಸುವ ಕೆಲಸ ಮಾತ್ರ ಅಂದಿಗೂ ಇಂದಿಗೂ ಮನೆಯವರದೇ.